ಎರಡು ಬಣ್ಣದ ಹೆಣಿಗೆ: ಹಿಂಬದಿಯ ಎಳೆ ಎಲ್ಲಿ ಕೈಕೊಟ್ಟಿತು ಎಂದು ಹುಡುಕುವ ಬಗೆ

ಮೊದಲ ಸಲ ಎರಡು ಬಣ್ಣದಲ್ಲಿ ಮಗುವಿನ ಸ್ವೆಟರ್ ಹೆಣೆದಾಗ ಮೈ ಭಾಗ ಚೆನ್ನಾಗಿಯೇ ಬಂತು. ತೋಳು ಮಾತ್ರ ಕೈಗೆ ಹೋಗಲಿಲ್ಲ. ಲೆಕ್ಕ ತಪ್ಪಿರಲಿಲ್ಲ. 48 ಸ್ಟಿಚ್ ಇರಬೇಕಿತ್ತು, 48 ಇತ್ತು. ಮೇಜಿನ ಮೇಲಿಟ್ಟು ಟೇಪ್ ಹಿಡಿದರೆ ಅಗಲವೂ ಹೆಚ್ಚುಕಡಿಮೆ ಸರಿ. ಆದರೆ ಮಗುವಿನ ಮುಷ್ಟಿ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ತೋಳಿನ ಒಳಮೈ ಹೊರಗೆ ಮಾಡಿ ನೋಡಿದೆ. ಹಿಂದೆ ಹಾದುಹೋದ ಬಿಳಿ ಎಳೆಗಳೆಲ್ಲ ತಂಬೂರಿ ತಂತಿಯ ಹಾಗೆ ಬಿಗಿದುಕೊಂಡು ನಿಂತಿದ್ದವು. ಬಟ್ಟೆ ಹಿಗ್ಗಲು ತಯಾರಿತ್ತು, ಈ ಎಳೆಗಳು ಬಿಡುತ್ತಿರಲಿಲ್ಲ.

ಈ ಹೆಣಿಗೆಯಲ್ಲಿ ಒಂದು ಬಣ್ಣದ ದಾರ ಸ್ಟಿಚ್ ಆಗುತ್ತಿರುವಾಗ ಇನ್ನೊಂದು ದಾರ ಬಟ್ಟೆಯ ಹಿಂದೆ ಸುಮ್ನೆ ಹಾದುಹೋಗುತ್ತದೆ. ಆ ಹಾದುಹೋಗುವ ತುಂಡಿಗೇ ಫ್ಲೋಟ್ ಎನ್ನುತ್ತಾರೆ. ಮುಂದೆ ಕಾಣುವ ದೋಷಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. ಆದರೂ ನಾವು ಮುಂಭಾಗವನ್ನೇ ದಿಟ್ಟಿಸಿ ತಲೆ ಕೆಡಿಸಿಕೊಳ್ಳುತ್ತೇವೆ, ಡಿಸೈನ್‌ನ ಚೌಕಗಳಿರುವ ಚಾರ್ಟ್ ಬೈಯುತ್ತೇವೆ, ಉಲ್ಲನ್ ಸರಿ ಇಲ್ಲ ಎನ್ನುತ್ತೇವೆ.

ಮೊದಲು ತಿರುಗಿಸಿ ನೋಡಿ

ತುಂಡನ್ನು ಹಿಂಬದಿ ಮೇಲೆ ಬರುವಂತೆ ಮೇಜಿನ ಮೇಲೆ ಹಾಸಿ. ಎರಡೂ ಕೈಯಿಂದ ಅಡ್ಡಕ್ಕೆ ಮೆಲ್ಲಗೆ ಎಳೆಯಿರಿ. ಮೈಮೇಲೆ ಹಾಕಿದಾಗ ಎಷ್ಟು ಹಿಗ್ಗಬೇಕೋ ಅಷ್ಟೇ ಸಾಕು. ಸ್ಟಿಚ್‌ಗಳಿಗೆ ಇನ್ನೂ ಹಿಗ್ಗಲು ಜಾಗ ಇರುವಾಗಲೇ ಫ್ಲೋಟ್ ನೆಟ್ಟಗಾಗಿ ತಡೆದರೆ, ಬಿಗಿ. ಎಳೆದ ಮೇಲೂ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತು ಬಿದ್ದಿದ್ದರೆ, ಸಡಿಲ. ಎಳೆದಾಗ ಬಟ್ಟೆಗೆ ಅಂಟಿದಂತೆ ಸಪಾಟಾಗಿ ಮಲಗಿ, ಕೈಬಿಟ್ಟಾಗ ಒಂದಿಷ್ಟೇ ಬಾಗಿದರೆ ಅದು ಸರಿಯಾದ ಉದ್ದ.

ಅನುಮಾನ ಇದ್ದರೆ ಕಡ್ಡಿಯ ತುದಿಯನ್ನು ಒಂದು ಫ್ಲೋಟ್ ಕೆಳಗೆ ತೂರಿಸಿ ಸ್ವಲ್ಪ ಎತ್ತಿ. ಅದರ ಎರಡೂ ಪಕ್ಕದ ಸ್ಟಿಚ್‌ಗಳು ತಕ್ಷಣ ಒಳಕ್ಕೆ ಸೆಳೆದುಕೊಂಡರೆ ಎಳೆಯಲ್ಲಿ ಮಿಗತೆ ಇಲ್ಲವೇ ಇಲ್ಲ ಎಂದು ಅರ್ಥ.

ಆಮೇಲೆ, ದೋಷ ಎಲ್ಲೆಲ್ಲಿ ಇದೆ ಎಂದು ಗುರುತು ಮಾಡಿಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅರ್ಧ ಉತ್ತರ ಇದರಲ್ಲೇ ಇರುತ್ತದೆ. ಇಡೀ ತುಂಡಿನಲ್ಲಿ ಸಮನಾಗಿ ಸುಕ್ಕಿದ್ದರೆ ಅದು ನಿಮ್ಮ ಕೈಯ ಅಭ್ಯಾಸ. ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಒಂದು ಗೆರೆಯಲ್ಲಿ ಮಾತ್ರ ಸುಕ್ಕಿದ್ದರೆ ಅದು ಎರಡು ಕಡ್ಡಿ ಸೇರುವ ಮೂಲೆ. ಕೆಲವು ಸಾಲುಗಳಲ್ಲಿ ಮಾತ್ರ ಇದ್ದರೆ ಚಾರ್ಟ್‌ನ ಆ ಸಾಲುಗಳಲ್ಲಿ ಒಂದೇ ಬಣ್ಣದ ಸ್ಟಿಚ್‌ಗಳ ನಡುವೆ ಉದ್ದದ ಅಂತರ ಇದೆಯೇ ನೋಡಿ. ಮೈ ಸರಿಯಿದ್ದು ತೋಳು, ಕೈಗವಸು, ಕಾಲುಚೀಲದಲ್ಲಿ ಮಾತ್ರ ಬಂದರೆ ಸುತ್ತಳತೆ ಚಿಕ್ಕದಾಗಿದ್ದರಿಂದ. ನನಗೆ ಇನ್ನೊಂದು ಬಗೆಯೂ ಗೊತ್ತು: ಟಿವಿಯಲ್ಲಿ ಮ್ಯಾಚ್ ನೋಡುತ್ತಾ ಹೆಣೆದ ಹತ್ತು ಸುತ್ತು. ಕೊನೆಯ ಓವರ್‌ಗಳು ಯಾವ ಸಾಲಿನಲ್ಲಿ ಬಂದವು ಎಂದು ಹಿಂಬದಿ ನೋಡಿಯೇ ಹೇಳಬಹುದಿತ್ತು.

ಸುಕ್ಕು: ಬಿಗಿ ಫ್ಲೋಟ್

ಜಾಸ್ತಿ ಜನಕ್ಕೆ ಬರುವ ತೊಂದರೆ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಸುಕ್ಕು ಬಂತು ಎಂದ ಕೂಡಲೇ ಎಲ್ಲರೂ ಕೊಡುವ ಸಲಹೆ, ದಾರವನ್ನು ಸಡಿಲವಾಗಿ ಹಿಡಿ ಎನ್ನುವುದು. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಅದರಿಂದ ಸ್ಟಿಚ್‌ಗಳು ದೊಡ್ಡದಾಗುತ್ತವೆ, ಫ್ಲೋಟ್ ಮಾತ್ರ ಒಮ್ಮೆ ಬಿಗಿ ಒಮ್ಮೆ ಸಡಿಲ. ಯಾಕೆಂದರೆ ಫ್ಲೋಟ್‌ನ ಉದ್ದ ನಿಗದಿಯಾಗುವುದು ಒಂದೇ ಕ್ಷಣದಲ್ಲಿ: ಬಣ್ಣ ಬದಲಿಸಿ ಹೊಸ ಬಣ್ಣದ ಮೊದಲ ಸ್ಟಿಚ್ ಹಾಕುವಾಗ. ಆ ಹೊತ್ತಿಗೆ ಬಲಗಡ್ಡಿಯ ಮೇಲಿನ ಸ್ಟಿಚ್‌ಗಳು ಎಷ್ಟು ಅಗಲದಲ್ಲಿ ಕೂತಿರುತ್ತವೋ, ಹಿಂದಿನ ಎಳೆಗೆ ಅಷ್ಟೇ ಉದ್ದ ಸಿಗುತ್ತದೆ. ಅವು ತುದಿಯಲ್ಲಿ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿದ್ದರೆ, ಎಳೆಯೂ ಗಿಡ್ಡ. ಆಮೇಲೆ ಬಟ್ಟೆ ಹರಡಿಕೊಳ್ಳಲು ನೋಡುತ್ತದೆ, ಎಳೆ ಬಿಡುವುದಿಲ್ಲ. ಅಲ್ಲಿ ಸುಕ್ಕು.

ಹಾಗಾಗಿ ದಾರವನ್ನಲ್ಲ, ಸ್ಟಿಚ್‌ಗಳನ್ನು ನೋಡಿಕೊಳ್ಳಬೇಕು. ಐದು ನೀಲಿ ಆದ ಮೇಲೆ ಬಿಳಿ ಬರಬೇಕು ಅಂದುಕೊಳ್ಳಿ. ಐದನೇ ನೀಲಿ ಮುಗಿಯಿತು. ಅಲ್ಲೇ ನಿಲ್ಲಿ. ಬಲಗೈ ತೋರುಬೆರಳಿನಿಂದ ಆ ಐದನ್ನೂ ಬಲಗಡ್ಡಿಯ ಉದ್ದಕ್ಕೆ ಹಿಂದಕ್ಕೆ ನೂಕಿ, ಬಟ್ಟೆ ಸಪಾಟಾಗಿ ಕೂರುವಷ್ಟು ಹರಡಿ. ಇದಕ್ಕಿಂತ ಜಾಸ್ತಿ ಬೇಡ. ಈಗ ಬಿಳಿ ದಾರವನ್ನು ಅವುಗಳ ಹಿಂದೆ ತಂದು ಸ್ಟಿಚ್ ಹಾಕಿ. ಹಾಕುವಾಗ ಎಂದಿನ ಬಿಗಿಯಲ್ಲೇ ಎಳೆಯಬಹುದು, ಹೆದರಬೇಡಿ. ಹರಡಿದ ಸ್ಟಿಚ್‌ಗಳು ಎಳೆಗೆ ಅಳತೆಗೋಲಾಗಿ ನಿಂತಿರುತ್ತವೆ. ಮೊದಲ ಎರಡು ಗಂಟೆ ಇದು ಬಹಳ ನಿಧಾನ ಅನ್ನಿಸುತ್ತದೆ. ಆಮೇಲೆ ಬೆರಳು ತಾನೇ ಕಲಿಯುತ್ತದೆ.

ಇಷ್ಟು ಮಾಡಿದರೂ ತೋಳಿನಲ್ಲಿ ಸುಕ್ಕು ಉಳಿದರೆ ಕಾರಣ ಮೂಲೆ. ಸಣ್ಣ ಸುತ್ತನ್ನು ಎರಡೂ ತುದಿ ಚೂಪಿರುವ ನಾಲ್ಕೈದು ಕಡ್ಡಿಗಳಲ್ಲಿ, ಇಲ್ಲವೇ ಮ್ಯಾಜಿಕ್ ಲೂಪ್‌ನಲ್ಲಿ (ಎರಡು ತುದಿಗಳ ನಡುವೆ ಬಾಗುವ ಉದ್ದ ಕೇಬಲ್ ಇರುವ ಸರ್ಕ್ಯುಲರ್ ಕಡ್ಡಿಯ ಕೇಬಲ್ ಮಡಚಿಕೊಂಡು) ಹೆಣೆಯುತ್ತೇವೆ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುವಾಗ ಬಟ್ಟೆ ಮಡಚಿಕೊಂಡಿರುತ್ತದೆ. ಫ್ಲೋಟ್ ಒಳಗಡೆ ಇರುವುದರಿಂದ ಮೂಲೆಯಲ್ಲಿ ಅದು ಅಡ್ಡದಾರಿ ಹಿಡಿಯುತ್ತದೆ. ಮೈದಾನ ಸುತ್ತಿ ಹೋಗುವ ಬದಲು ನಡುವೆ ದಾಟಿದ ಹಾಗೆ. ಅದಕ್ಕೇ ಮೇಲಿಂದ ಕೆಳಕ್ಕೆ ಒಂದು ಗೆರೆಯಲ್ಲಿ ಸೆಳೆತ ಕಾಣುವುದು.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ, ಕೊಳವೆಯನ್ನೇ ಉಲ್ಟಾ ಮಾಡಿಕೊಂಡು ಹೆಣೆಯುವುದು. ಹೆಣೆದ ಭಾಗವನ್ನು ಕಡ್ಡಿಗಳ ನಡುವೆ ತೂರಿಸಿ, ಒಳಮೈ ಹೊರಗೆ ಬರುವಂತೆ ಮಾಡಿ. ಈಗ ನೀವು ಹೆಣೆಯುವುದು ಕೊಳವೆಯ ಆಚೆ ಬದಿಯಲ್ಲಿ. ಡಿಸೈನ್ ಒಳಗಡೆಯಿಂದ ನಿಮ್ಮ ಕಡೆ ಮುಖ ಮಾಡಿರುತ್ತದೆ. ಸ್ಟಿಚ್ ಸೀದಾವೇ, ಚಾರ್ಟ್ ಓದುವ ದಿಕ್ಕೂ ಅದೇ. ಬದಲಾಗುವುದು ಒಂದೇ: ಫ್ಲೋಟ್‌ಗಳು ಈಗ ಹೊರಸುತ್ತಿನಲ್ಲಿ ಹೋಗುತ್ತವೆ. ಮೂಲೆಯಲ್ಲಿ ಅಡ್ಡ ದಾಟಲು ಆಗುವುದೇ ಇಲ್ಲ, ಸುತ್ತಿಕೊಂಡೇ ಹೋಗಬೇಕು. ನೋಡಲು ವಿಚಿತ್ರ. ಪಕ್ಕದಲ್ಲಿ ಕೂತವರು ತಪ್ಪು ಮಾಡ್ತಿದ್ದೀರಿ ಅನ್ನುತ್ತಾರೆ. ಅನ್ನಲಿ.

ಬಣ್ಣದ ಪಟ್ಟಿ ಬರುವಲ್ಲಿ ಒಂದು ಸೈಜ್ ದಪ್ಪ ಕಡ್ಡಿ ತೆಗೆದುಕೊಳ್ಳುವವರೂ ಇದ್ದಾರೆ, 3.5 ಮಿ.ಮೀ. ಇದ್ದರೆ 3.75 ಅಥವಾ 4. ಇದು ಬಿಗಿ ಕೈಯವರಿಗೆ ಒಳ್ಳೆಯದೇ. ಆದರೆ ಹರಡುವ ಅಭ್ಯಾಸ ಇಲ್ಲದೆ ಕಡ್ಡಿ ಮಾತ್ರ ಬದಲಿಸಿದರೆ ಸುಕ್ಕು ಸ್ವಲ್ಪ ಕಡಿಮೆಯಾದೀತು, ಹೋಗುವುದಿಲ್ಲ.

ಸುಕ್ಕಿಲ್ಲ, ಆದರೆ ಚಿಕ್ಕದಾಯಿತು

ಇದು ಕಣ್ಣಿಗೆ ಬೀಳದ ದೋಷ. ಮುಂದೆ ಸಪಾಟು, ಹಿಂದೆ ಎಳೆಯೂ ಪರವಾಗಿಲ್ಲ, ಆದರೂ ಸ್ವೆಟರ್ ಮೈಗೆ ಬಿಗಿ. ಒಂದೇ ಕಡ್ಡಿ, ಒಂದೇ ದಾರ ಇದ್ದರೂ ಎರಡು ಬಣ್ಣದ ಭಾಗ ಸಾದಾ ಭಾಗಕ್ಕಿಂತ ಕಿರಿದಾಗಿ ಬರುವುದು ಮಾಮೂಲು. ಸಾದಾ ಹೆಣಿಗೆಯಲ್ಲಿ 10 ಸೆಂ.ಮೀ.ಗೆ 24 ಸ್ಟಿಚ್ ಬರುವ ನನ್ನ ಕೈಯಲ್ಲಿ ಬಣ್ಣದ ಭಾಗ 27 ಬಂದಿತ್ತು. ಮೂರು ಸ್ಟಿಚ್ ತಾನೇ ಅನ್ನಿಸುತ್ತದೆ, ಅಲ್ವಾ? 240 ಸ್ಟಿಚ್‌ನ ಸುತ್ತಿಗೆ ಲೆಕ್ಕ ಹಾಕಿ. 24ರ ಲೆಕ್ಕದಲ್ಲಿ 100 ಸೆಂ.ಮೀ., 27ರ ಲೆಕ್ಕದಲ್ಲಿ 89. ಹನ್ನೊಂದು ಸೆಂ.ಮೀ. ಎಲ್ಲಿ ಹೋಯಿತು ಎಂದು ಹುಡುಕುತ್ತಾ ಕೂರಬೇಕು.

ಆದ್ದರಿಂದ ಅಳತೆಯ ಮಾದರಿ ತುಂಡನ್ನು ಬಣ್ಣದಲ್ಲೇ, ಅದೂ ಸುತ್ತಿನ ಹೆಣಿಗೆಯ ರೀತಿಯಲ್ಲೇ ಮಾಡಿ. ಪೂರ್ತಿ ಕೊಳವೆ ಬೇಕಿಲ್ಲ. ಸರ್ಕ್ಯುಲರ್ ಕಡ್ಡಿಯಲ್ಲಿ ಒಂದು ಸಾಲು ಹೆಣೆದು, ತಿರುಗಿಸದೆ ಸ್ಟಿಚ್‌ಗಳನ್ನು ಇನ್ನೊಂದು ತುದಿಗೆ ಜಾರಿಸಿ, ದಾರಗಳನ್ನು ಹಿಂದೆ ಧಾರಾಳವಾಗಿ ಸಡಿಲ ಬಿಟ್ಟು, ಮತ್ತೆ ಸೀದಾ ಸಾಲೇ ಹೆಣೆಯಿರಿ. ಅಂಚು ಅಸಹ್ಯವಾಗಿರುತ್ತದೆ, ನಡುಭಾಗ ನಿಜ ಹೇಳುತ್ತದೆ.

ಕಾಲುಚೀಲಕ್ಕೆ ಒಂದು ಮಾತು. ಹಿಂಬದಿಯಲ್ಲಿ ಎಳೆ ಇರುವ ಬಟ್ಟೆ ಸಾದಾ ಹೆಣಿಗೆಯಷ್ಟು ಹಿಗ್ಗುವುದಿಲ್ಲ. ಕಣಕಾಲಿನ ಅಳತೆಗೆ ಹೆಣೆದರೆ ಸಾಲದು. ಹಿಮ್ಮಡಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಸುತ್ತಿ ಅಳೆಯಿರಿ. ಕಾಲುಚೀಲ ದಾಟಬೇಕಾದದ್ದು ಆ ಸುತ್ತನ್ನು.

ಬೆರಳಿಗೆ ಸಿಕ್ಕುವ ಎಳೆ, ಊದಿದ ಸ್ಟಿಚ್

ಸಡಿಲ ಫ್ಲೋಟ್ ಬಿಗಿಯದಷ್ಟು ಕೆಟ್ಟದ್ದಲ್ಲ. ಇದನ್ನು ಆಮೇಲೂ ಸರಿ ಮಾಡಬಹುದು. ಗುರುತು ಏನೆಂದರೆ, ಬಣ್ಣ ಬದಲಾಗುವ ಜಾಗದ ಸ್ಟಿಚ್ ಮಾತ್ರ ಉಳಿದವುಗಳಿಗಿಂತ ದೊಡ್ಡದಾಗಿ, ಬಾಯಿ ಬಿಟ್ಟುಕೊಂಡು ಕೂತಿರುತ್ತದೆ. ಹಿಂದಿನ ಎಳೆಯಲ್ಲಿ ಮಿಕ್ಕ ದಾರ ಮುಂದಕ್ಕೆ ಜಾರಿ ಆ ಸ್ಟಿಚ್‌ಗೆ ಸೇರಿಕೊಂಡಿದೆ ಅಷ್ಟೇ. ಮೊಂಡು ಸೂಜಿಯಿಂದ ಹಿಂದಕ್ಕೆ ಎಳೆದುಕೊಳ್ಳಿ, ಅಕ್ಕಪಕ್ಕದ ಅದೇ ಬಣ್ಣದ ಸ್ಟಿಚ್‌ಗಳಿಗೆ ಸ್ವಲ್ಪ ಸ್ವಲ್ಪ ಹಂಚಿ. ಸುಕ್ಕಿಗೆ ಹೆದರಿ ಅತಿಯಾಗಿ ಹರಡುವವರಿಗೆ ಇದು ಬರುತ್ತದೆ. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು.

ಉದ್ದದ ಫ್ಲೋಟ್ ಬೇರೆ ಸಂಗತಿ. ಎಳೆ ಬಿಗಿಯೂ ಅಲ್ಲ, ಸಡಿಲವೂ ಅಲ್ಲ, ಆದರೆ ಎಂಟು ಹತ್ತು ಸ್ಟಿಚ್ ದಾಟುತ್ತದೆ. ಕೈಗವಸಿನಲ್ಲಿ ಬೆರಳು, ಮಗುವಿನ ಸ್ವೆಟರ್‌ನಲ್ಲಿ ಉಗುರು, ತೋಳಿನಲ್ಲಿ ಬಳೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ ಹೇಳುವ ಮಿತಿ ಐದು ಸ್ಟಿಚ್, ಅಥವಾ ಸುಮಾರು 2.5 ಸೆಂ.ಮೀ. ಸ್ಟಿಚ್ ಲೆಕ್ಕಕ್ಕಿಂತ ನಾನು ಸೆಂ.ಮೀ. ಲೆಕ್ಕವನ್ನೇ ನಂಬುತ್ತೇನೆ. ಸಣ್ಣ ದಾರದಲ್ಲಿ ಏಳು ಸ್ಟಿಚ್ ಕೂಡ ಪುಟ್ಟ ಎಳೆಯೇ, ದಪ್ಪ ದಾರದಲ್ಲಿ ನಾಲ್ಕೇ ಸ್ಟಿಚ್ ಉದ್ದವಾಗಿಬಿಡುತ್ತದೆ.

ದಾರದ ಗುಣವೂ ಮುಖ್ಯ. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಉಣ್ಣೆಯಂಥ ಒರಟು, ರೋಮ ಎದ್ದ ದಾರದಲ್ಲಿ ಎಳೆಗಳು ಉಟ್ಟು ತೊಟ್ಟು ತೊಳೆಯುತ್ತಾ ಬಟ್ಟೆಗೆ ಅಂಟಿಕೊಳ್ಳುತ್ತವೆ. ಐಸ್‌ಲ್ಯಾಂಡಿನ ಲೋಪಿ ದಾರವೂ ಹಾಗೇ. ಸೂಪರ್‌ವಾಶ್ ಉಣ್ಣೆ (ಯಂತ್ರದಲ್ಲಿ ಒಗೆಯಬಹುದಾದಂತೆ ಸಂಸ್ಕರಿಸಿದ್ದು), ಹತ್ತಿ, ಅಕ್ರಿಲಿಕ್ ನುಣುಪು. ಅವುಗಳಲ್ಲಿ ಎಳೆ ಎಲ್ಲಿ ಬಿಟ್ಟಿರೋ ಅಲ್ಲೇ ಜೋತಾಡುತ್ತದೆ. ಸ್ಕಾಟ್ಲೆಂಡಿನದೇ ಫೇರ್ ಐಲ್ ದ್ವೀಪದ ಸಾಂಪ್ರದಾಯಿಕ ಡಿಸೈನ್‌ಗಳನ್ನು ಗಮನಿಸಿ ನೋಡಿ: ಒಂದು ಸಾಲಿಗೆ ಎರಡೇ ಬಣ್ಣ, ಬಣ್ಣ ಬದಲಾವಣೆ ಹತ್ತಿರ ಹತ್ತಿರ, ಗೆರೆಗಳು ಬಹಳ ಕಡೆ ಓರೆ. ಅಂಥ ಡಿಸೈನ್‌ನಲ್ಲಿ ಉದ್ದದ ಎಳೆಯ ಪ್ರಶ್ನೆಯೇ ಕಡಿಮೆ. ನಾರ್ವೆಯ ಲೂಸೆಕೋಫ್ತೆ ಎಂಬ ಸ್ವೆಟರ್‌ನಲ್ಲಿ ಕಪ್ಪು ನೆಲದ ಮೇಲೆ ಒಂಟಿ ಬಿಳಿ ಚುಕ್ಕಿಗಳು. ಆ ಹೆಸರಿನ ಅರ್ಥವೇ ಹೇನಿನ ಅಂಗಿ! ಚುಕ್ಕಿಯಿಂದ ಚುಕ್ಕಿಗೆ ಬಿಳಿ ಎಳೆ ನಡೆದು ಹೋಗಬೇಕು. ಚುಕ್ಕಿ ದೂರ ಆದಷ್ಟೂ ಕೆಲಸ ಜಾಸ್ತಿ.

ಕಟ್ಟಿಹಾಕಲು ಹೋಗಿ ಕಾಣಿಸಿಕೊಂಡ ಬಣ್ಣ

ಉದ್ದದ ಎಳೆಯನ್ನು ನಡುವೆ ಒಂದು ಕಡೆ ಸಿಕ್ಕಿಸಿಕೊಳ್ಳುವುದು ರೂಢಿ. ಹಾದುಹೋಗುವ ದಾರವನ್ನು ಎಡಗೈಯಲ್ಲಿ ಹಿಡಿದಿದ್ದರೆ ಸುಲಭ. ಬಲಗಡ್ಡಿ ಸ್ಟಿಚ್ ಒಳಗೆ ಹೋದ ಮೇಲೆ, ಹಾದುಹೋಗುವ ದಾರವನ್ನು ಕಡ್ಡಿಯ ಮೇಲಕ್ಕೆ ಎತ್ತಿ, ಹೆಣೆಯುವ ದಾರವನ್ನು ಅದರ ಕೆಳಗಿನಿಂದ ತಂದು ಸ್ಟಿಚ್ ಮುಗಿಸಿ. ಮುಂದಿನ ಸ್ಟಿಚ್‌ಗೆ ಎತ್ತಿದ್ದನ್ನು ಮತ್ತೆ ಕೆಳಗಿಳಿಸಿ. ಎಳೆ ಎರಡು ಸ್ಟಿಚ್‌ಗಳ ನಡುವೆ ಸಿಕ್ಕಿಕೊಂಡಿತು. ಎರಡೂ ದಾರ ಒಂದೇ ಕೈಯಲ್ಲಿದ್ದರೆ ಸ್ಟಿಚ್‌ಗಳ ನಡುವೆ ಒಂದಕ್ಕೊಂದು ಒಂದು ಸುತ್ತು ಹೆಣೆದುಕೊಂಡರೂ ಸಾಕು.

ಇಲ್ಲಿ ಬರುವ ದೋಷ: ಮುಂದೆ ಕಡುನೀಲಿಯ ನಡುವೆ ಬಿಳಿ ಇಣುಕುತ್ತದೆ. ಅದೂ ಒಂದರ ಮೇಲೊಂದು, ಏಣಿಯ ಮೆಟ್ಟಿಲಿನ ಹಾಗೆ. ಕಾರಣ, ಪ್ರತಿ ಸಾಲಿನಲ್ಲೂ ಒಂದೇ ಜಾಗದಲ್ಲಿ ಸಿಕ್ಕಿಸಿದ್ದೀರಿ. ಏಳು ಸ್ಟಿಚ್ ಅಂತರ ಇದ್ದರೆ ಒಂದು ಸುತ್ತಿನಲ್ಲಿ ಮೂರನೆಯದರ ಮೇಲೆ, ಮುಂದಿನದರಲ್ಲಿ ಐದನೆಯದರ ಮೇಲೆ, ಆಮೇಲೆ ನಾಲ್ಕನೆಯದರ ಮೇಲೆ. ಹೀಗೆ ಜರುಗಿಸುತ್ತಾ ಹೋಗಿ. ಗಾಢ ಮತ್ತು ತಿಳಿ ಬಣ್ಣ ಜೊತೆಯಾದಾಗ ಇಣುಕುವುದು ಹೆಚ್ಚು. ಹಾಗೆಂದು ಪ್ರತಿ ಎರಡನೇ ಸ್ಟಿಚ್‌ಗೆ ಸಿಕ್ಕಿಸಬೇಡಿ, ಬಟ್ಟೆ ಹಲಗೆಯಾಗುತ್ತದೆ. ಸಿಕ್ಕಿಸುವ ಮುಂಚೆಯೂ ಸ್ಟಿಚ್ ಹರಡಲೇಬೇಕು. ಸಿಕ್ಕಿಸಿದ ಮೇಲೆ ಆ ಬಿಗಿ ಅಲ್ಲೇ ಬೀಗ ಹಾಕಿಕೊಳ್ಳುತ್ತದೆ.

ಸಾಲು ಸಾಲಾಗಿ ಹತ್ತು ಹದಿನೈದು ಸ್ಟಿಚ್ ಅಂತರ ಇದ್ದರೆ ಸಿಕ್ಕಿಸುವುದನ್ನೇ ಬಿಡಿ. ಲ್ಯಾಡರ್‌ಬ್ಯಾಕ್ ಜಾಕಾರ್ಡ್ ಎನ್ನುವ ವಿಧಾನ ಇದೆ. ಅಂತರದ ನಡುವೆ, ಹಾದುಹೋಗುವ ಬಣ್ಣದಿಂದ ಹಿಂದೆ ಒಂದು ಹೆಚ್ಚುವರಿ ಸ್ಟಿಚ್ ಹುಟ್ಟಿಸಿ, ಪ್ರತಿ ಸುತ್ತಿನಲ್ಲೂ ಅದನ್ನು ಅದೇ ಬಣ್ಣದಲ್ಲಿ ಹೆಣೆಯುತ್ತಾ ಹೋಗುವುದು. ಹಿಂದೆ ಸಣ್ಣ ಏಣಿ ಬೆಳೆಯುತ್ತದೆ, ಮುಂದೆ ಏನೂ ಕಾಣುವುದಿಲ್ಲ. ಅಂತರ ಮುಗಿದಾಗ ಪಕ್ಕದ ಸ್ಟಿಚ್ ಜೊತೆ ಸೇರಿಸಿ ಹೆಣೆದು ಕಳೆದುಬಿಡಿ.

ಡಿಸೈನ್ ನಡುವೆ ಮಂಕಾಯಿತು

ಚಾರ್ಟ್ ಸರಿ, ಬಿಗಿ ಸರಿ. ಆದರೂ ಒಂದು ಸಾಲಿನಿಂದ ಮೇಲೆ ಹೂವು ಹಿಂದೆ ಸರಿದ ಹಾಗೆ ಕಾಣುತ್ತದೆ. ನಿಮ್ಮ ಕಣ್ಣಿನ ತಪ್ಪಲ್ಲ. ಎರಡು ದಾರಗಳಲ್ಲಿ ಹಿಂದೆ ಕೆಳಗಿನಿಂದ ಬರುವ ದಾರಕ್ಕೆ ಸ್ಟಿಚ್ ತನಕ ಬರಲು ಸ್ವಲ್ಪ ಜಾಸ್ತಿ ದೂರ. ಅದರ ಸ್ಟಿಚ್ ಕೂದಲೆಳೆಯಷ್ಟು ದೊಡ್ಡದಾಗಿ, ಮುಂದೆ ಎದ್ದು ಕಾಣುತ್ತದೆ. ಚೀಲದಲ್ಲಿಟ್ಟು ಮರುದಿನ ಎತ್ತಿಕೊಂಡಾಗ ದಾರಗಳ ಜಾಗ ಅದಲುಬದಲಾದರೆ ಮುಗಿಯಿತು. ಹಿಂಬದಿ ನೋಡಿ: ಒಂದೇ ಬಣ್ಣದ ಎಳೆ ಎಲ್ಲ ಸಾಲಿನಲ್ಲೂ ಕೆಳಗೆ ಇರಬೇಕು. ಯಾವ ಸಾಲಿನಲ್ಲಿ ಮೇಲೆ ಹೋಗಿದೆಯೋ ಅಲ್ಲಿ ಅದಲುಬದಲಾಗಿದೆ.

ಡಿಸೈನ್‌ನ ಬಣ್ಣವನ್ನು ಕೆಳಗೆ, ನೆಲದ ಬಣ್ಣವನ್ನು ಮೇಲೆ ಎಂದು ಇಟ್ಟುಕೊಳ್ಳಿ. ಎರಡು ಕೈಯಲ್ಲಿ ಹೆಣೆಯುವವರಿಗೆ ಸಾಮಾನ್ಯವಾಗಿ ಎಡಗೈ ದಾರ ಕೆಳಗೆ ಬರುತ್ತದೆ. ಇದನ್ನು ಚಾರ್ಟ್ ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆದಿಡಿ, ನೆನಪನ್ನು ನಂಬಬೇಡಿ. ಈ ಶಿಸ್ತಿಗೆ ಒಂದು ಲಾಭವೂ ಇದೆ: ಒಂದು ದಾರ ಯಾವಾಗಲೂ ಮೇಲೆ, ಇನ್ನೊಂದು ಯಾವಾಗಲೂ ಕೆಳಗೆ ಇದ್ದರೆ ಉಂಡೆಗಳು ಜಡೆ ಹಾಕಿಕೊಳ್ಳುವುದಿಲ್ಲ.

ಹೆಣೆದಾಯಿತು, ಈಗ ಏನು?

ಎಳೆ ತಪ್ಪಿ ಮುಂಭಾಗಕ್ಕೆ ಬಂದಿದ್ದರೆ, ಅದು ದಾಟಿದ ಸ್ಟಿಚ್‌ಗಳನ್ನು ಒಂದೊಂದಾಗಿ ಕಡ್ಡಿಯಿಂದ ಇಳಿಸಿ ಆ ಸಾಲಿನವರೆಗೆ ಬಿಚ್ಚಿ, ಎಳೆಯನ್ನು ಹಿಂದಕ್ಕೆ ನೂಕಿ, ಕ್ರೋಶಾ ಕಡ್ಡಿಯಿಂದ ಮತ್ತೆ ಮೇಲಕ್ಕೆ ಹತ್ತಿಸಿ. ಪ್ರತಿ ಮೆಟ್ಟಿಲಿಗೂ ಸರಿಯಾದ ಬಣ್ಣದ ಎಳೆ ಹಿಡಿಯಬೇಕು, ಅಷ್ಟೇ ಎಚ್ಚರ. ಒಂದೆರಡು ಸ್ಟಿಚ್‌ನ ಬಣ್ಣವೇ ತಪ್ಪಿದ್ದರೆ ಬಿಚ್ಚಬೇಡಿ. ಮೊಂಡು ಸೂಜಿಯಲ್ಲಿ ಸರಿ ಬಣ್ಣ ಪೋಣಿಸಿ ಅದರ ಮೇಲೇ ಸ್ಟಿಚ್ ಆಕಾರದಲ್ಲಿ ಹೊಲಿಯಿರಿ. ಬಿಟ್ಟುಹೋದ ಉದ್ದದ ಎಳೆಯನ್ನು ಹಿಂದಿನಿಂದ ಅದೇ ಬಣ್ಣದ ದಾರದಲ್ಲಿ ಅಲ್ಲಲ್ಲಿ ಸಡಿಲವಾಗಿ ಹೊಲಿಗೆ ಹಾಕಿ ಕೂರಿಸಬಹುದು.

ಒಂದೇ ಒಂದು ಬಿಗಿ ಎಳೆ ಇದ್ದರೆ ಮೊದಲು ಪಕ್ಕದ ಸ್ಟಿಚ್‌ಗಳಿಂದ ಸಾಲ ತನ್ನಿ. ಅದೇ ದಾರದ ಎರಡೂ ಕಡೆಯ ನಾಲ್ಕೈದು ಸ್ಟಿಚ್‌ಗಳಿಂದ ಚೂರುಚೂರು ಎಳೆದು ಫ್ಲೋಟ್‌ಗೆ ಕೊಡಿ. ಅದು ಸಾಲದಿದ್ದರೆ ಧೈರ್ಯದ ಕೆಲಸ. 20 ಸೆಂ.ಮೀ.ನ ಹೊಸ ತುಂಡಿನಿಂದ, ಫ್ಲೋಟ್‌ನ ಎರಡೂ ಪಕ್ಕದ ಅದೇ ಬಣ್ಣದ ಮೂರು ನಾಲ್ಕು ಸ್ಟಿಚ್‌ಗಳ ದಾರಿಯನ್ನೇ ಹಿಡಿದು ಹೊಲಿಯಿರಿ. ನಡುವೆ ಬೇಕಾದಷ್ಟು ಉದ್ದ ಬಿಡಿ. ಅದು ಕೂತಿದೆ ಎಂದು ಖಾತ್ರಿಯಾದ ಮೇಲೆ ಹಳೆ ಎಳೆಯನ್ನು ನಡುವೆ ಕತ್ತರಿಸಿ. ಒರಟು ಉಣ್ಣೆಯಲ್ಲಿ ಇದು ನಿಲ್ಲುತ್ತದೆ. ನುಣುಪು ದಾರದಲ್ಲಿ ಕತ್ತರಿ ಮುಟ್ಟಲೇಬೇಡಿ.

ನೆನೆಸಿ ಹರಡುವುದರ ಮೇಲೆ ಜನ ಬಹಳ ಭರವಸೆ ಇಟ್ಟಿರುತ್ತಾರೆ. ಉಗುರುಬೆಚ್ಚಗಿನ ನೀರಿನಲ್ಲಿ 20ರಿಂದ 30 ನಿಮಿಷ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಅಳತೆಗೆ ಹರಡಿ ಒಣಗಿಸಿದರೆ ಉಣ್ಣೆಯ ಸ್ಟಿಚ್‌ಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಉಬ್ಬುತಗ್ಗು ಹೋಗುತ್ತದೆ. ಕೊಂಚ ಬಿಗಿ ಇದ್ದ ಎಳೆಯೂ ಸುಧಾರಿಸುತ್ತದೆ. ಅಕ್ರಿಲಿಕ್‌ನಲ್ಲಿ ಇಷ್ಟೂ ಆಗುವುದಿಲ್ಲ. ಆದರೆ ಇಲ್ಲದ ದಾರವನ್ನು ನೀರು ತಂದುಕೊಡಲಾರದು. ಒದ್ದೆಯಾಗಿರುವಾಗ ಕೈಯಿಂದ ಎಳೆದರೂ ಅಳತೆಗೆ ಬರದಿದ್ದರೆ ಒಣಗಿದ ಮೇಲೂ ಬರುವುದಿಲ್ಲ.

ಆ ತೋಳನ್ನೂ ಮೊದಲು ನೆನೆಸಿ ನೋಡಿದೆ. ಮುಂಭಾಗ ಚೆಂದ ಆಯಿತು, ಮುಷ್ಟಿ ಮಾತ್ರ ಅಲ್ಲೇ ನಿಂತಿತು. ಬಿಚ್ಚಲು ಮನಸ್ಸಾಗದೆ ಮೊದಲು ಇನ್ನೊಂದು ತೋಳನ್ನು ಒಳಮೈ ಹೊರಗೆ ಮಾಡಿಕೊಂಡು ಹೆಣೆದೆ. ಅವೇ 48 ಸ್ಟಿಚ್, ಅದೇ ಕಡ್ಡಿ. ಕೈ ಸಲೀಸಾಗಿ ಹೋಯಿತು. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬೇರೆ ಬೇರೆ ಸ್ವೆಟರ್‌ನವು ಅನ್ನಿಸಿತು. ಮೊದಲನೆಯದನ್ನು ಆ ರಾತ್ರಿಯೇ ಬಿಚ್ಚಿದೆ.